ಆಣೆ ಹಾಕದ ಅಕ್ಕೋರು

ಮುಂದಿನ ಎರಡು ಹಲ್ಲು ಬಿದ್ದ ಮೇಲೂ ಅಕ್ಕೋರು ಸೆರಗು ಅಡ್ಡ ಹಿಡಿದು ನಕ್ಕವರಲ್ಲ. ಹುಮನಾಬಾದಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಶಾಲೆಯಲ್ಲಿ ಕಲಿಸುವ ನೌಕರಿಯಿಂದ ನಿವೃತ್ತರಾದ ಮೇಲೆ ಅವರು ರವಿವಾರ ಚರ್ಚಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಮಾತು ಮಾತಿಗೂ ದೇವರಾಣೆ ಹಾಕುವುದು ನನ್ನ ಚಟ. ಅವರು ರೇಗುತ್ತಿದ್ದರು: "ಯಕ್ಕಾ, ಖರೇ ಮಾತಿಗಿ ಜಾಮೀನು ಯಾಕ?"

ಒಂದು ಮಧ್ಯಾಹ್ನ ತೊಗರಿ ಕೇರುತ್ತ ಕೂತಾಗ ಕತೆ ಹೇಳಿದರು. ಎಂಟುನೂರು ವರ್ಷದ ಹಿಂದೆ ಫ್ರಾನ್ಸ್ ದೇಶದಲ್ಲಿ ಒಂದು ಪಂಥವಿತ್ತಂತೆ. ಕ್ರಿಸ್ತನನ್ನೇ ನಂಬಿದವರು, ಅವರ ಗುರುಗಳು ಮಾಂಸ ಮುಟ್ಟರು, ಆಣೆ ಹಾಕರು. ರೋಮಿನ ಪೋಪರು ಇವರನ್ನು ಧರ್ಮಗೇಡಿಗಳೆಂದು ಸಾರಿ ದಂಡು ಕಳಿಸಿದರು. ದಂಡಿಗೆ ಸೇರಿದವನ ಪಾಪವೆಲ್ಲ ಮಾಫಿ. ಊರಿಗೆ ಊರೇ ಕಡಿದು, ಹೊಲ ಮನೆ ಕಸಿದುಕೊಂಡರು. ಕಡೆಗೆ ಬೆಟ್ಟದ ಕೋಟೆಯೊಂದರಲ್ಲಿ ಸಿಕ್ಕವರಿಗೆ, ನಂಬಿಕೆ ಬಿಟ್ಟರೆ ಜೀವ ಉಳಿಸುತ್ತೇವೆ ಎಂದರು. ಅವರು ಬೆಂಕಿಗೇ ನಡೆದರು.

"ಥೂ! ಮಂದಿ ಹೊಲ ಹೊಡಕೊಳ್ಳಾಕ ದೇವರ ಹೆಸರೇ ಬೇಕಿತ್ತೇನ ಆ ಭಾಡ್ಯಾಗಳಿಗಿ?" ಎಂದೆ. ನನ್ನ ತವರು ಬಸವಕಲ್ಯಾಣ; ಶರಣರನ್ನು ಅಟ್ಟಾಡಿಸಿ ಕೊಂದ ಕತೆ ಕೇಳಿಯೇ ಬೆಳೆದವಳು. ಕೊಲ್ಲುವವರ ಜಾತಿ ಎಲ್ಲ ಕಡೆ ಒಂದೇ.

ಅಕ್ಕೋರು ಆ ಕತೆಯನ್ನೇ ಚರ್ಚಿನ ಮಕ್ಕಳಿಗೂ ಹೇಳಿದರು. ಒಬ್ಬಳು ಹುಡುಗಿ ಚರ್ಚಿನ ಹಿರಿಯನನ್ನು ಕೇಳಿದಳಂತೆ: "ಆವಾಗ ನೀವ್ ಇದ್ದಿದ್ರ ಯಾವ ಕಡಿ ಇರ್ತಿದ್ರಿ?" ಮರುದಿನವೇ ಆ ಹಿರಿಯ ಇಸ್ತ್ರಿ ಅಂಗಿ ತೊಟ್ಟು, ಅತ್ತರು ಬಳಿದುಕೊಂಡು ಅಕ್ಕೋರ ಅಂಗಳಕ್ಕೆ ಬಂದ.

"ಸಭಾದ ಮುಂದ ತಪ್ಪಾತು ಅನ್ರಿ. ಈ ಕತಿ ಇನ್ನ ಹೇಳಂಗಿಲ್ಲಂತ ಬೈಬಲ್ ಮ್ಯಾಲ ಆಣಿ ಹಾಕ್ರಿ. ಇಲ್ಲಂದ್ರ ಸತ್ತಾಗ ನಮ್ಮ ಸ್ಮಶಾನದಾಗ ನಿಮಗ ಜಾಗ ಇಲ್ರಿ."

ಅಕ್ಕೋರ ಗಂಡ ಅಲ್ಲೇ ಮಣ್ಣಾಗಿದ್ದರು. ಪಕ್ಕದ ಜಾಗ ತನಗೆಂದು ಅವರು ವರ್ಷಗಟ್ಟಲೆ ಹುಲ್ಲು ಕಿತ್ತು ಇಟ್ಟುಕೊಂಡಿದ್ದರು.

"ಆಣಿ ಹಾಕಂಗಿಲ್ರಿ. ಆಗಿದ್ದನ್ನ ಆಗಿಲ್ಲ ಅನ್ನಾಕ ನನಗ ಬರಂಗಿಲ್ಲ," ಎಂದರು. "ಚಾ ಕುಡದು ಹೋಗ್ರಿ."

ಆ ಮನುಷ್ಯ ಚಹಾವನ್ನೂ ಕುಡಿದ, ನಾಚಿಕೆಯಿಲ್ಲದೆ.

ಹೋದ ಚಳಿಗಾಲ ಅಕ್ಕೋರು ನನ್ನ ಕೈಯಲ್ಲೇ ನೀರು ಕುಡಿದು ತೀರಿಕೊಂಡರು. ಹಿರಿಯ ಬಾಗಿಲಲ್ಲಿ ನಿಂತು ಮೆತ್ತಗೆ ಅಂದ: "ಆಯೀ, ಕೊನಿಗಿ ಅಕ್ಕೋರು ತಪ್ಪಾತು ಅಂದ್ರು ಅಂತ ನೀವೊಂದ್ ಮಾತು ಹೇಳ್ರಿ. ಗಂಡನ ಬಾಜೂಕೇ ಜಾಗ ಕೊಡ್ತೀವಿ."

ಸಂತೆಯಲ್ಲಿ ಒದೆಯುವ ಎಮ್ಮೆಯನ್ನು ಬಲು ಸಾಧು ಎಂದು ದೇವರಾಣೆ ಹಾಕಿ ಮಾರಿದವಳು ನಾನು. ಅವತ್ತು ಆ ಸುಳ್ಳಿಗೆ ನಾಲಿಗೆ ಏಳಲಿಲ್ಲ.

"ಅಂದಿಲ್ಲ," ಎಂದೆ. ಆಣೆ ಹಾಕಲಿಲ್ಲ.

ರಾಜೇಶ್ವರದ ದಾರಿಯಲ್ಲಿ ನಮ್ಮ ಹೊಲ. ನಮ್ಮವರೆಲ್ಲ ಅಲ್ಲೇ ಮಣ್ಣಾದವರು. ಬದುವಿನ ಬೇವಿನ ಕೆಳಗೆ, ನನ್ನ ಅತ್ತೆಯ ಪಕ್ಕ, ಅಕ್ಕೋರನ್ನೂ ಇಟ್ಟೆವು. ಗಂಡನಿಂದ ದೂರ. ಅದು ಇವತ್ತಿಗೂ ಚುಚ್ಚುತ್ತದೆ. ಆ ದಾರಿಯಲ್ಲಿ ಹಾಯುವಾಗ ಹಿರಿಯ ಗಾಡಿ ಜೋರು ಓಡಿಸುತ್ತಾನೆ. ಹೊಲದಲ್ಲಿದ್ದರೆ ನಾನು ಕಳೆ ಕೀಳುವುದು ಬಿಟ್ಟು, ಎದ್ದು ನಿಂತು ನೋಡುತ್ತೇನೆ.