ವಿಮಾನದ ತೊಟ್ಟಿ ಮಾರಿ ಬಂದದ್ದು

ಕಮಲಾಪುರದಿಂದ ಕಲಬುರ್ಗಿಗೆ ಇಪ್ಪತ್ನಾಲ್ಕು ಮೈಲು. ದನದ ವ್ಯಾಪಾರ ನನ್ನ ಕಸುಬಾದ್ದರಿಂದ ಆ ದಾರಿಯ ಕಲ್ಲುಗಳಿಗೂ ನನ್ನ ಗುರುತು ಹತ್ತಿತ್ತು. ಆದರೆ ಆ ಸಲ ನಾನು ಮಾರಲು ಒಯ್ದದ್ದು ಎತ್ತಲ್ಲ, ಆಕಳಲ್ಲ. ಯುದ್ಧದಲ್ಲಿ ಹಾರಿ ಹಳತಾದ ಒಂದು ವಿಮಾನದಲ್ಲಿ ಚಾಲಕ ಕೂಡುವ ಭಾಗ. ನಸುಕಿನಲ್ಲಿ ಅದನ್ನು ಬಂಡಿಗೆ ಏರಿಸಿ, ಕೆಳಗೆ ಜೋಳದ ಕಣಿಕೆ ಹಾಸಿ, ಮೇಲೆ ಕಂಬಳಿ ಹೊದಿಸಿ ಹೊರಟೆವು. ಹೊರಟೆವು ಎಂದರೆ ನಾನು ಮತ್ತು ನನ್ನ ಎರಡು ಎತ್ತುಗಳು. ಚಳಿಗಾಲ ಶುರುವಾಗಿತ್ತು, ಹೊಲದಲ್ಲಿ ಜೋಳ ಮೊಣಕಾಲೆತ್ತರ ಬಂದಿತ್ತು.

ನನ್ನ ಅಣ್ಣ ಬಸಣ್ಣನಿಗೆ ಚಿಕ್ಕಂದಿನಿಂದಲೂ ಮರಗೆಲಸದ ಹುಚ್ಚು. ಅದೇ ಹುಚ್ಚಿನಿಂದ ಮನೆ ಬಿಟ್ಟು ಸಿಕಂದರಾಬಾದಿಗೆ ಹೋದ. ಮೊದಲ ಮಹಾಯುದ್ಧದ ಕಾಲಕ್ಕೆ ದಂಡಿನವರು ಅವನನ್ನು ಅಲ್ಲಿಂದ ಕಡಲಾಚೆಯ ಬಸ್ರಾಕ್ಕೆ ಕರೆದೊಯ್ದರು. ಆಗಿನ ವಿಮಾನಗಳು ಕಟ್ಟಿಗೆ ಮತ್ತು ಬಟ್ಟೆಯವು. ಮುರಿದ ಕಟ್ಟಿಗೆ ಜೋಡಿಸುವುದು ಅವನ ಕೆಲಸ. ಯುದ್ಧ ಮುಗಿದ ಮೇಲೆ ಮುಂಬೈಯಲ್ಲಿ ಹಳೆಯ ವಿಮಾನಗಳನ್ನು ಬಿಚ್ಚಿ ಹರಾಜು ಹಾಕಿದರಂತೆ. ಎಂಜಿನ್ನು ಒಬ್ಬರ ಪಾಲಾಯಿತು, ರೆಕ್ಕೆ ಇನ್ನೊಬ್ಬರ ಪಾಲಾಯಿತು. ಯಾರಿಗೂ ಬೇಡವಾದ ಈ ಭಾಗವನ್ನು ಅಣ್ಣ ರೈಲಿನಲ್ಲಿ ಕಲಬುರ್ಗಿಗೆ, ಅಲ್ಲಿಂದ ಬಂಡಿಯಲ್ಲಿ ಊರಿಗೆ ತಂದ. ಕಾಕ್‌ಪಿಟ್ ಎಂದು ಅವನು ಹೇಳಿಕೊಟ್ಟರೂ ನಮ್ಮ ಓಣಿಯವರ ಬಾಯಲ್ಲಿ ಅದು ವಿಮಾನದ ತೊಟ್ಟಿಯಾಯಿತು. ಒಳಗೆ ಬೆತ್ತದ ಹೆಣಿಗೆಯ ಆಸನ, ಮುಂದೆ ಗಾಜಿನ ಮುಖದ ಎರಡು ಗಡಿಯಾರದಂಥವು, ನಡುವೆ ಹಿಡಿಕೋಲು, ಸೊಂಟಕ್ಕೆ ಬಿಗಿಯಲು ಅಗಲವಾದ ತೊಗಲಿನ ಪಟ್ಟಿ. ಅದನ್ನು ಕೊಟ್ಟಿಗೆಯಲ್ಲಿಟ್ಟು, ಪ್ರತಿ ಸೋಮವಾರ ಅಣ್ಣ ಅದಕ್ಕೆ ಅಗಸೆ ಎಣ್ಣೆ ತಿಕ್ಕುತ್ತಿದ್ದ. ಒಳಗೆ ಮಾತ್ರ ಯಾರನ್ನೂ ಕೂಡಗೊಡುತ್ತಿರಲಿಲ್ಲ, ನನ್ನನ್ನೂ. ತಾನೂ ಕೂಡುತ್ತಿರಲಿಲ್ಲ. ಅಷ್ಟು ವಿಮಾನ ರಿಪೇರಿ ಮಾಡಿದವನು ಒಂದು ಸಲವೂ ಹಾರಿರಲಿಲ್ಲ.

ಅಣ್ಣ ತೀರಿಕೊಂಡು ಎರಡು ವರ್ಷವಾಗಿತ್ತು. ಅವನ ಹೆಂಡತಿ, ನನ್ನ ವೈನಿಯೇ, ಎಣ್ಣೆ ಹಚ್ಚುತ್ತ ಬಂದರು. ಆದರೂ ಆ ಮಳೆಗಾಲದಲ್ಲಿ ತಳಕ್ಕೆ ಗೆದ್ದಲು ಹತ್ತಿತು. ಒಂದು ದಿನ ಅವರೇ ನನ್ನನ್ನು ಕರೆದು ಹೇಳಿದರು: "ತಮ್ಮಾ, ಇದನ್ನ ಮಾರಿಬಿಡು. ನನ್ನ ಕಣ್ಣ ಮುಂದ ಹುಳ ತಿನ್ನೋದಕ್ಕಿಂತ ನಾಕು ಮಂದಿ ನೋಡೋ ಕಡಿ ಇರಲಿ. ಆದ್ರ ಮುರಿದು ಹಾಕೋರಿಗೆ ಕೊಡಬ್ಯಾಡ."

ಹೊರಡುವ ದಿನ ಬಂಡಿಯ ಹತ್ತಿರ ಬಂದು ಕಂಬಳಿಯ ಅಂಚು ಸರಿಪಡಿಸಿದರು. ಎಂಟು ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ ಕಟ್ಟಿಕೊಟ್ಟರು. ಅಣ್ಣ ಹೋದ ಮೇಲೆ ಅವರು ಒಂದು ಹೊತ್ತಿಗೆ ಅರ್ಧ ರೊಟ್ಟಿ ಉಂಡರೆ ಹೆಚ್ಚು. "ನನಗ ಎಂಟು ಕಟ್ಟೀರಿ, ನಿಮಗೇನು ಉಳಿಸಿಕೊಂಡೀರಿ ವೈನಿ?" ಎಂದು ಕಾಡಿಸಿದೆ. ಅವರು ನಗಲಿಲ್ಲ.

"ಹಗ್ಗ ಮರೀಬ್ಯಾಡ," ಎಂದರು.

ದನ ಮಾರಿದಾಗ ಕೊರಳ ಹಗ್ಗವನ್ನು ನಾವು ಕೊಡುವುದಿಲ್ಲ. ಕೊಂಡವನು ತನ್ನ ಹಗ್ಗ ತಂದಿರುತ್ತಾನೆ; ನಮ್ಮದನ್ನು ಬಿಚ್ಚಿಕೊಂಡು ಮನೆಗೆ ಬಂದು ಗೂಟಕ್ಕೆ ಹಾಕುತ್ತೇವೆ. ಹಗ್ಗ ಹೋದರೆ ಮನೆಯ ದನದ ಭಾಗ್ಯವೇ ಹೋಯಿತೆಂದು ನಂಬಿಕೆ. "ಇದಕ್ಕೆಲ್ಲಿ ಹಗ್ಗ ಅದರಿ?" ಎಂದೆ. ವೈನಿ ತೊಗಲಿನ ಪಟ್ಟಿಯನ್ನು ತೋರಿಸಿ ಒಳಗೆ ಹೋದರು. ಹೆಂಗಸರ ಶಾಸ್ತ್ರ ಎಂದುಕೊಂಡು ಎತ್ತು ಹೊಡೆದೆ.

ಭಾರ ಹೆಚ್ಚಿಲ್ಲದಿದ್ದರೂ ತೊಟ್ಟಿ ಕುಲುಕಬಾರದೆಂದು ನಿಧಾನ ಹೋಗಬೇಕಾಯಿತು. ಮಹಾಗಾಂವ ಮುಟ್ಟುವಷ್ಟರಲ್ಲಿ ಹೊತ್ತು ಇಳಿದಿತ್ತು. ಕೆರೆಯ ದಂಡೆಯಲ್ಲಿ ಎತ್ತು ಬಿಚ್ಚಿ ರೊಟ್ಟಿ ಬಿಚ್ಚಿದೆ. ಕಂಬಳಿಯ ಕೆಳಗೇನೆಂದು ನೋಡಲು ಅರ್ಧ ಊರೇ ಬಂತು. ಒಬ್ಬ ಮುದುಕ ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿ, "ಹಲ್ಲು ಎಷ್ಟು ಆಗ್ಯಾವ?" ಎಂದು ಕೇಳಿದ. ಹಲ್ಲೆಣಿಸಿ ದನದ ವಯಸ್ಸು ಹೇಳುವ ನನ್ನ ಕಸುಬು ಅವನಿಗೆ ಗೊತ್ತಿತ್ತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಅಲ್ಲೇ ಬಂಡಿಯ ಕೆಳಗೆ ಮಲಗಿದೆ.

ಮರುದಿನ ತಾಜಸುಲ್ತಾನಪುರ ದಾಟಿ ಪಟ್ಟಣದ ನಾಕಾಕ್ಕೆ ಬಂದಾಗ ಸುಂಕದ ಗುಮಾಸ್ತ ಬಂಡಿ ತಡೆದ. ಜೋಳಕ್ಕೆ ಇಷ್ಟು, ಹತ್ತಿಗೆ ಇಷ್ಟು, ಬೆಲ್ಲಕ್ಕೆ ಇಷ್ಟು ಎಂದು ಅವನ ದಫ್ತರದಲ್ಲಿತ್ತು. ವಿಮಾನಕ್ಕೆ ಏನೂ ಇರಲಿಲ್ಲ.

"ಇದು ಏನಂತ ಬರೀಲಿ ಮಾಲಕ್?" ಎಂದ.

"ಕುರ್ಚಿ ಅಂತ ಬರೀರಿ ಸಾಹೇಬ್ರ. ಕೂಡಾಕ ಅದ."

ಅವನು ಬಹಳ ಹೊತ್ತು ಯೋಚಿಸಿ ಕುರ್ಚಿ ಎಂದೇ ಉರ್ದುವಿನಲ್ಲಿ ಬರೆದು ಎರಡಾಣೆ ತೆಗೆದುಕೊಂಡ. ಅಣ್ಣ ಬದುಕಿದ್ದರೆ ಆ ಮಾತಿಗೆ ನನ್ನ ಜೊತೆ ಒಂದು ವಾರ ಮಾತು ಬಿಡುತ್ತಿದ್ದ. ಅದು ನೆನಪಾಗಿ, ದೂರದಲ್ಲಿ ದರ್ಗಾದ ಗುಮ್ಮಟ ಕಾಣುವವರೆಗೂ ಎತ್ತುಗಳನ್ನು ಹೊಡೆಯದೆ ಅವುಗಳ ಪಾಡಿಗೆ ನಡೆಯಲು ಬಿಟ್ಟೆ.

ಕೊಳ್ಳುವವರು ಸ್ಟೇಶನ್ ರಸ್ತೆಯ ಫೋಟೋದ ಕರೀಂಸಾಬರು. ಹಿಂದೊಮ್ಮೆ ನಮ್ಮೂರಿಗೆ ಮದುವೆಯ ಫೋಟೋ ತೆಗೆಯಲು ಬಂದವರು ತೊಟ್ಟಿ ನೋಡಿ ಮನಸೋತಿದ್ದರು. ಅಣ್ಣ ಕೊಡುವುದಿಲ್ಲ ಎಂದಿದ್ದ. ಈಗ ನನ್ನ ಕಾಗದ ಮುಟ್ಟಿದೊಡನೆ ಬರಹೇಳಿದ್ದರು. ಅವರ ಅಂಗಡಿಯ ಹಿಂದೆ ಗಾಜಿನ ಮಾಡಿನ ದೊಡ್ಡ ಕೋಣೆ. ಫೋಟೋದ ಹಿನ್ನೆಲೆಗೆ ಮೊದಲು ಅರಮನೆಯ ಚಿತ್ರದ ಪರದೆ ಇದ್ದಲ್ಲಿ ಆಗಲೇ ಮೋಡ ಬರೆಸಿದ ನೀಲಿ ಪರದೆ ಬಿಟ್ಟಿದ್ದರು.

"ಮಂದಿ ಕುರ್ಚಿ ಮ್ಯಾಲ ಕುಂತು ಕುಂತು ಬ್ಯಾಸತ್ತಾರ," ಎಂದರು. "ಇನ್ನ ಆಸ್ಮಾನದಾಗ ಕೂಡಲಿ."

"ಮುರಿಯಂಗಿಲ್ಲ ಅಲ್ರಿ?"

"ತೋಬಾ. ನನ್ನ ಮಗಳಂಗ ಇಟ್ಕೋತೀನಿ."

ಸಂತೆಯಲ್ಲಿ ಮಾಡುವಂತೆ ನಾನು ರುಮಾಲು ತೆಗೆದು ಇಬ್ಬರ ಕೈಮೇಲೆ ಹಾಕಿದೆ. ಬಟ್ಟೆಯ ಕೆಳಗೆ ಬೆರಳು ಹಿಡಿದು ಬೆಲೆ ಹೇಳುವ ಭಾಷೆ ಸಾಬರಿಗೆ ಗೊತ್ತಿರಲಿಲ್ಲ. ಯಾವ ಬೆರಳಿಗೆ ಎಷ್ಟೆಂದು ಮೊದಲು ಕಲಿಸಿ, ಆಮೇಲೆ ಅವರೊಡನೆ ಚೌಕಾಶಿ ಮಾಡಿದೆ. ನನ್ನ ಶಿಷ್ಯ ನನಗಿಂತ ಚುರುಕಾದ. ಆದ ಬೆಲೆಯನ್ನು ಇಲ್ಲಿ ಹೇಳುವುದಿಲ್ಲ. ರುಮಾಲಿನ ಕೆಳಗಿನದು ರುಮಾಲಿನ ಕೆಳಗೇ ಇರಬೇಕು. ವೀಳ್ಯ ಹಾಕಿಕೊಂಡೆವು. ಊರಿನಿಂದ ತಂದಿದ್ದ ಕೆಂಪು ಬಾಳೆಯ ಚಿಪ್ಪನ್ನು ಅವರ ಕೈಗಿಟ್ಟೆ. ತೊಟ್ಟಿಯನ್ನು ಇಳಿಸಿ ಪರದೆಯ ಮುಂದೆ ನಿಲ್ಲಿಸಿದೆವು.

"ಮೊದಲಿನ ಫೋಟೋ ನಿಮ್ದ ತೆಗೀತೀನಿ. ಕೂಡ್ರಿ," ಎಂದರು ಸಾಬರು.

ಅಣ್ಣ ಕೂಡಗೊಡದ ಜಾಗದಲ್ಲಿ ನಾನು ಮೊದಲ ಸಲ ಕೂತೆ. ಹೆಣಿಗೆಯ ಆಸನ ಕಿರುಗುಟ್ಟಿತು. ಸಾಬರು ಪಟ್ಟಿ ಕಟ್ಟಿಕೊಳ್ಳಿ ಎಂದರು. ಪಟ್ಟಿಗೆ ಮೊದಲೇ ಆರು ತೂತುಗಳಿದ್ದವು, ಕಾರಖಾನೆಯಲ್ಲಿ ಹಾಕಿದ ದುಂಡನೆಯ ತೂತುಗಳು, ಅಷ್ಟೇನೂ ಸವೆದಿರಲಿಲ್ಲ. ಅವುಗಳಿಂದ ಒಂದು ಗೇಣು ಒಳಗೆ ಏಳನೆಯದೊಂದಿತ್ತು. ಅದನ್ನು ದಬ್ಬಳದಿಂದ ಚುಚ್ಚಿದ್ದರು. ಅಂಚು ಸವೆದು ಉದ್ದವಾಗಿತ್ತು, ಕೊಂಡಿಯ ಗುರುತು ತೊಗಲಿನಲ್ಲಿ ಆಳವಾಗಿ ಕೂತಿತ್ತು. ಆ ತೂತಿಗೆ ಎಳೆದರೆ ನನ್ನ ಅರ್ಧ ಹೊಟ್ಟೆಗೂ ಬರುತ್ತಿರಲಿಲ್ಲ.

ಸಾಬರು ಬಗ್ಗಿ ನೋಡಿದರು. "ಯಾರೋ ಸಣ್ಣ ನಡುವಿನವರು ಕೂಡ್ತಿದ್ರು ಇದರಾಗ. ದಿನಾ ಕೂಡ್ತಿದ್ರು."

ನಮ್ಮ ಮನೆಯಲ್ಲಿ ಆ ನಡುವಿನವರು ಒಬ್ಬರೇ. ಸಂಜೆ ಕೊಟ್ಟಿಗೆಯ ಬಾಗಿಲು ಓರೆ ಮಾಡಿಕೊಂಡು ಅಣ್ಣ ಬಸ್ರಾದ ನದಿಯ ಮಾತು, ಖರ್ಜೂರದ ತೋಟದ ಮಾತು ಆಡುವುದು ನನಗೆ ಅಂಗಳಕ್ಕೆ ಕೇಳಿಸುತ್ತಿತ್ತು. ಕಟ್ಟಿಗೆಯ ಜೊತೆ ಮಾತಾಡುತ್ತಾನೆ, ತಲೆ ಕೆಟ್ಟಿದೆ ಎಂದು ನಾನು ಮಂದಿಯ ಮುಂದೆ ಆಡಿಕೊಂಡದ್ದೂ ಉಂಟು. ಅವನು ಮಾತಿನಲ್ಲೇ ತೋರಿಸುತ್ತಿದ್ದ, ವೈನಿ ತೊಟ್ಟಿಯಲ್ಲಿ ಪಟ್ಟಿ ಕಟ್ಟಿ ಕೂತು ಆಕಾಶದಿಂದೆಂಬಂತೆ ನೋಡುತ್ತಿದ್ದರು. ನನ್ನ ಮೇಲೆ ನನಗೇ ನಾಚಿಕೆಯಾಯಿತು. ನಾನು ಇಳಿದುಬಿಟ್ಟೆ.

"ಸಾಬ್ರ, ಪಟ್ಟಿ ಬಿಚ್ಚಿಕೊಡ್ರಿ. ಅದು ನಮ್ಮ ಹಗ್ಗ."

ಸಾಬರ ಮುಖ ಗಂಭೀರವಾಯಿತು. "ಅದೆಂಗ್ರಿ? ವ್ಯಾಪಾರ ಆಗ್ಯಾದ. ಪಟ್ಟಿ ಇಲ್ದ ಹಾರಾಕತ್ತಾನಂತ ಯಾರು ನಂಬ್ತಾರ? ಮೊದಲ ಯಾಕ ಹೇಳಲಿಲ್ಲ?"

ಹೇಳಿರಲಿಲ್ಲ. ದನದ ವ್ಯಾಪಾರದಲ್ಲಿ ಹಗ್ಗದ ಮಾತು ಯಾರೂ ಎತ್ತುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಬೆರಳಿನ ಲೆಕ್ಕ ಕಲಿಸಿದವನು ಹಗ್ಗದ ರಿವಾಜು ಕಲಿಸುವುದನ್ನು ಮರೆತಿದ್ದೆ. ಇಪ್ಪತ್ತು ವರ್ಷ ಕಸುಬು ಮಾಡಿದ ದಲ್ಲಾಳಿಗೆ ಅದಕ್ಕಿಂತ ದೊಡ್ಡ ಮರ್ಯಾದೆಗೇಡಿಲ್ಲ. ಬೆಲೆಯಲ್ಲಿ ಕಡಿಮೆ ಮಾಡಿಕೊಳ್ಳಿ ಎಂದೆ. ಸಾಬರು ತಲೆ ಅಲ್ಲಾಡಿಸಿದರು. ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: "ಆ ಏಳನೇ ತೂತು ನಮ್ಮ ವೈನೀದು. ಅಣ್ಣ ಹಾಕಿದ್ದು."

ಅವರು ಆ ತೂತಿನ ಅಂಚನ್ನು ಬೆರಳಿನಿಂದ ಸವರಿದರು. ಆಮೇಲೆ ಒಳಗೆ ಹೋಗಿ ಪೇಚಕಸ್ ತಂದು ಎರಡೂ ಕಡೆಯ ತಿರುಪುಗಳನ್ನು ತಾವೇ ಬಿಚ್ಚಿದರು. "ಆದ್ರ ನನಗ ಏನರ ಬೇಕಲ್ರಿ ಕಟ್ಟಾಕ," ಎಂದರು. ನಾನು ಬಂಡಿಗೆ ಹೋಗಿ ಎಡಗಡೆಯ ಎತ್ತಿನ ಕೊರಳಿನ ಗೆಜ್ಜೆಯ ಪಟ್ಟಿ ಬಿಚ್ಚಿದೆ. ಗೆಜ್ಜೆ ಕಿತ್ತು ಕಿಸೆಗೆ ಹಾಕಿಕೊಂಡು ಬರೀ ಪಟ್ಟಿಯನ್ನು ಕೊಟ್ಟೆ.

ಆ ರಾತ್ರಿ ಧರ್ಮಶಾಲೆಯಲ್ಲಿ ಉಳಿದು, ಬೆಳಿಗ್ಗೆ ಹೊರಡುವಾಗ ಅಂಗಡಿಯ ಮುಂದೆ ಬಂಡಿ ನಿಲ್ಲಿಸಿ ಇಣುಕಿದೆ. ಒಬ್ಬ ಜವಳಿ ವ್ಯಾಪಾರಿ ನಮ್ಮ ತೊಟ್ಟಿಯಲ್ಲಿ ಕೂತು, ಗಾಳಿಗೆ ಹಾರೀತೆಂಬಂತೆ ಒಂದು ಕೈಯಲ್ಲಿ ತಲೆಯ ರುಮಾಲು ಹಿಡಿದು, ಮೋಡ ನೋಡುತ್ತಿದ್ದ. ಅವನ ಸೊಂಟದಲ್ಲಿ ನನ್ನ ಎತ್ತಿನ ಪಟ್ಟಿಯಿತ್ತು. ಸುಖವಾಗಿರು ಎಂದು ತೊಟ್ಟಿಗೆ ಮನಸ್ಸಿನಲ್ಲೇ ಹೇಳಿದೆ.

ಬಜಾರದಲ್ಲಿ ಕಾಲುಗಳು ತಾವಾಗಿಯೇ ಎಣ್ಣೆಯ ಅಂಗಡಿಗೆ ಹೋದವು. ಕಲಬುರ್ಗಿಗೆ ಬಂದಾಗಲೆಲ್ಲ ಒಂದು ಸೇರು ಅಗಸೆ ಎಣ್ಣೆ ಒಯ್ಯುವುದು ನನಗೆ ರೂಢಿ. ಕೊಂಡು ಬಂಡಿ ಹತ್ತಿದ ಮೇಲೆ, ಇನ್ನು ಹಚ್ಚುವುದು ಯಾವುದಕ್ಕೆ ಎಂದು ಹೊಳೆಯಿತು. ಖಾಲಿ ಬಂಡಿ ಹಗುರವಾಗಿತ್ತು. ಎತ್ತುಗಳು ಮನೆಯ ದಾರಿಯೆಂದು ಓಡಿದವು. ಗೆಜ್ಜೆಯ ಸದ್ದು ಒಂದೇ ಕಡೆಯಿಂದ ಬರುತ್ತಿತ್ತು. ದಾರಿಯುದ್ದಕ್ಕೂ ನನಗೆ ಅಣ್ಣ ಬೇಕೆನ್ನಿಸಿತು, ಅವನು ಹೋದ ದಿನ ಅನ್ನಿಸಿದ್ದಕ್ಕಿಂತ ಹೆಚ್ಚು.

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದೆ. ವೈನಿ ದುಡ್ಡಿನ ಚೀಲದ ಕಡೆ ನೋಡಲಿಲ್ಲ. ಪಟ್ಟಿಯನ್ನು ಕೈಗೆ ಕೊಟ್ಟೆ. ಎಣ್ಣೆಯ ಡಬ್ಬಿಯನ್ನೂ ಇಟ್ಟೆ. ಅವರು ಬಟ್ಟೆಯ ತುಂಡೊಂದನ್ನು ಅದ್ದಿ, ಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಈ ತುದಿಯಿಂದ ಆ ತುದಿಯವರೆಗೆ ಒರೆಸಿದರು. ಆಮೇಲೆ ನಾನಿದ್ದೇನೆಂಬುದನ್ನೂ ನೋಡದೆ ಎದ್ದು ನಿಂತು ಅದನ್ನು ಸೀರೆಯ ಮೇಲೆ ಸೊಂಟಕ್ಕೆ ಸುತ್ತಿ, ಕೊಂಡಿಯನ್ನು ಏಳನೆಯ ತೂತಿಗೆ ಹಾಕಿದರು. ಪಟ್ಟಿ ನಿಲ್ಲಲಿಲ್ಲ. ನಾಲ್ಕು ಬೆರಳು ಸಡಿಲವಾಗಿ ಕೆಳಗೆ ಜಾರಿತು.

ಗೋಡೆಯ ಬದಿಗೆ ಅಣ್ಣನ ಪೆಟ್ಟಿಗೆಯಿತ್ತು. ನಾನು ಹೋಗಿ ಅವನ ದಬ್ಬಳ ತಂದೆ. "ಎಲ್ಲಿ ಅಂತ ಬೆರಳಿಟ್ಟು ತೋರಸ್ರಿ ವೈನಿ. ಇನ್ನೊಂದು ಹಾಕ್ತೀನಿ."

ಅವರು ಆ ತೂತಿನ ಮೇಲೆ ಅಂಗೈ ಮುಚ್ಚಿದರು.

"ಬ್ಯಾಡ ತಮ್ಮಾ. ಇದು ಅವರು ಹಾಕಿದ್ದು. ನಾನ ಎರಡು ರೊಟ್ಟಿ ಹೆಚ್ಚಿಗಿ ತಿಂತೀನಿ."

ಪಟ್ಟಿಯನ್ನು ಗೂಟಕ್ಕೆ ಹಾಕಿ ಇಬ್ಬರೂ ಊಟಕ್ಕೆ ಕೂತೆವು. ಮೊದಲನೆಯ ರೊಟ್ಟಿಯನ್ನು ಅವರು ಬೇಗ ಮುಗಿಸಿದರು. ಎರಡನೆಯದಕ್ಕೆ ಬಹಳ ಹೊತ್ತು ಹಿಡಿಯಿತು. ನನ್ನ ಊಟ ಮುಗಿದಿದ್ದರೂ, ಅವರು ಮುಗಿಸುವವರೆಗೆ ನಾನು ಎಂಜಲ ಕೈ ಒಣಗಿಸಿಕೊಂಡು ಕೂತೇ ಇದ್ದೆ.