ಲೇಖನದ ಮೂರನೆಯ ಹೆಸರು

ಹೊಸದುರ್ಗದ ಕಾಲೇಜಿನಲ್ಲಿ ಪಾಠ ಮಾಡುವ ನನಗೆ ಸಂಶೋಧನಾ ಪತ್ರಿಕೆಯೊಂದರ ಸಂಪಾದಕರಿಂದ ಇಮೇಲ್ ಬಂತು. ಮತ್ತೋಡಿನ ಕುರಿ ಸಾಕಣೆಯ ಬಗ್ಗೆ ಅವರು ಪ್ರಕಟಿಸಿದ್ದ ಲೇಖನದ ಮೂವರು ಲೇಖಕರಲ್ಲಿ ನಾನೂ ಒಬ್ಬನಂತೆ. ಕೆಲಸ ಮಾಡದವರ ಹೆಸರೂ ಸೇರಿದೆ ಎಂದು ಯಾರೋ ದೂರು ಕೊಟ್ಟಿದ್ದರಿಂದ, ನಾನು ಮಾಡಿದ ಕೆಲಸವೇನು ಎಂದು ಕೇಳಿದ್ದರು. ಆ ಲೇಖನವನ್ನು ನಾನು ಓದಿಯೂ ಇರಲಿಲ್ಲ.

ಬರೆದವರು ನಮ್ಮ ವಿಭಾಗದ ಕಿರಿಯ ಅಧ್ಯಾಪಕರು. ಸ್ಟಾಫ್ ರೂಮಿನಲ್ಲಿ ಹಿಡಿದು ಕೇಳಿದರೆ ನಕ್ಕುಬಿಟ್ಟರು.

“ಹಿರಿಯರ ಹೆಸರು ಹಾಕೋ ಪದ್ಧತಿ ಐತಲ್ಲ ಸಾರ್. ಲಗ್ನಪತ್ರಿಕೇಲಿ ಹಾಕುವಾಗ ಯಾರಾದ್ರೂ ಕೇಳ್ತಾರೇನ್ರಿ? ಬಿಟ್ಟಿದ್ರೆ ನೀವೇ ಬೇಜಾರು ಮಾಡ್ಕಂತಿದ್ರಿ.”

ಮೈ ಉರಿಯಿತು. ಆದರೆ ಮಾತು ಸುಳ್ಳೂ ಅಲ್ಲ. ಹೊಳಲ್ಕೆರೆಯ ನೆಂಟರು ಲಗ್ನಪತ್ರಿಕೆಯಲ್ಲಿ ನನ್ನ ಹೆಸರು ಬಿಟ್ಟಿದ್ದಕ್ಕೆ ಮದುವೆಯಲ್ಲಿ ಊಟಕ್ಕೂ ಕೂರದೆ ಬಂದವನು ನಾನು.

ಆದರೂ ಸಂಪಾದಕರಿಗೆ ಇದ್ದದ್ದನ್ನೇ ಬರೆದೆ: ನಾನೇನೂ ಮಾಡಿಲ್ಲ, ನನ್ನ ಹೆಸರು ತೆಗೆಯಿರಿ. ಉತ್ತರ ಬೇಗನೆ ಬಂತು. ಅವರ ನಿಯಮದಂತೆ, ಒಂದು ಹೆಸರು ತೆಗೆಯಬೇಕಾದರೆ ಲೇಖಕರೆಲ್ಲರೂ ಒಪ್ಪಿ ಸಹಿ ಹಾಕಬೇಕಂತೆ. ಜೊತೆಗೆ ಕಳಿಸಿದ್ದ ಒಪ್ಪಿಗೆ ಪತ್ರದಲ್ಲಿ ಮೂರನೆಯ ಲೇಖಕನ, ಅಂದರೆ ನನ್ನ, ಸಹಿಗೆ ಜಾಗವನ್ನೂ ಬಿಟ್ಟಿದ್ದರು.

ಸೇರಿಸುವಾಗ ನನ್ನನ್ನು ಯಾರೂ ಕೇಳಿರಲಿಲ್ಲ. ಈಗ, ನಾನು ಲೇಖಕನಲ್ಲ ಎಂದು ಹೇಳುವುದಕ್ಕೆ ಲೇಖಕನೆಂದು ಸಹಿ ಹಾಕಬೇಕು.