ಹಾಜರಿಗೆ ಇಟ್ಟ ಫೋನು

ಲಾಕ್‌ಡೌನ್ ಮುಗಿದು ಜನ ಮಾಸ್ಕನ್ನು ಮರೆತೇಬಿಟ್ಟಿದ್ದ ವರ್ಷ ಅದು. ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ಬಹಳ ಕಾಲ ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಆಗಿ ದುಡಿದು, ಅಲ್ಲಿನ ಕಿತ್ತಾಟ ಸಾಕಾಗಿ, ನಾನು ಯಾದಗಿರಿಗೆ ಮರಳಿ ಸ್ವಂತ ಕೆಲಸ ಶುರು ಮಾಡಿದ್ದೆ. ಸಣ್ಣ ಸಂಸ್ಥೆಗಳ ನೌಕರರು ಮನೆಯಲ್ಲಿ ಕೂತು ಕಚೇರಿಯ ಕಂಪ್ಯೂಟರಿನಲ್ಲಿ ಕೆಲಸ ಮಾಡುವಂತೆ, ಆದರೆ ಕಚೇರಿಯ ಮಾಹಿತಿ ಹೊರಗೆ ಸೋರದಂತೆ ವ್ಯವಸ್ಥೆ ಮಾಡಿಕೊಡುವುದು ನನ್ನ ಕೆಲಸ. ಏನು ಮಾಡ್ತೀರಿ ಎಂದು ಬಂಧುಗಳು ಕೇಳಿದರೆ, ಕೀಲಿ ಹಾಕ್ತೀನಿ ಎನ್ನುತ್ತಿದ್ದೆ.

ಆ ವರ್ಷ ನನಗೆ ಸಿಕ್ಕ ದೊಡ್ಡ ಗಿರಾಕಿ, ರಕ್ತ, ಕಫ ತಪಾಸಣೆ ಮಾಡುವ ಒಂದು ಖಾಸಗಿ ಲ್ಯಾಬ್. ಯಂತ್ರಗಳೆಲ್ಲ ಯಾದಗಿರಿಯಲ್ಲಿ, ಶಹಾಪುರ ಮತ್ತು ಸುರಪುರದಲ್ಲಿ ಮಾದರಿ ಸಂಗ್ರಹಿಸುವ ಶಾಖೆಗಳು. ಮಾಲೀಕ ಮಾತ್ರ ವೈದ್ಯನಲ್ಲ. ಶಹಾಪುರದ ಮಾರ್ಕೆಟ್ ಯಾರ್ಡಿನಲ್ಲಿ ರೈತರ ತೊಗರಿ, ಹತ್ತಿಯನ್ನು ಕಮಿಷನ್ನಿಗೆ ಹರಾಜು ಹಾಕಿಸುವ ಅಡತಿ ಅಂಗಡಿ ಇಟ್ಟಿದ್ದ ವ್ಯಾಪಾರಿ. ಎಲ್ಲರೂ ಸಾವ್ಕಾರ್ರು ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ಆ ಮನುಷ್ಯ ಮೊದಲ ದಿನದಿಂದಲೇ ನನಗೆ ಹಿಡಿಸಿರಲಿಲ್ಲ, ಇಂದಿಗೂ ಹಿಡಿಸುವುದಿಲ್ಲ. ಹೀಗಾಗಿ ಈ ಬರಹದಲ್ಲಿ ಎರಡೂ ಕಡೆ ಸಮನಾಗಿ ತೂಗುತ್ತೇನೆಂದು ಯಾರೂ ನಿರೀಕ್ಷಿಸಬಾರದು.

ಲ್ಯಾಬಿನ ರಿಪೋರ್ಟುಗಳನ್ನು ಟೈಪ್ ಮಾಡುತ್ತಿದ್ದವರು ನಾಲ್ವರು ಹೆಣ್ಣುಮಕ್ಕಳು. ಗೋಗಿ, ಕಕ್ಕೇರಾ, ಸುರಪುರದ ಕಡೆಯವರು. ಲಾಕ್‌ಡೌನಿನಲ್ಲಿ ಮನೆಯಿಂದ ಕೆಲಸ ಮಾಡಿದ್ದೇ ಎರಡೂ ಕಡೆಗೆ ಅನುಕೂಲವಾಗಿ ಕಂಡಿತು. ಅವರಿಗೆ ಬಸ್ಸಿಗೆ ಕಾಯುವುದು ತಪ್ಪಿತ್ತು, ಲ್ಯಾಬಿಗೆ ಯಾದಗಿರಿಯಲ್ಲಿ ಇನ್ನೊಂದು ಕೋಣೆ ಬಾಡಿಗೆಗೆ ಹಿಡಿಯುವುದೂ ತಪ್ಪಿತ್ತು. ಅದನ್ನು ಕಾಯಂ ಮಾಡುವ ಮೊದಲು ನನ್ನನ್ನು ಕರೆಸಿದರು.

ನಾನು ಮಾಡಿದ್ದಿಷ್ಟು. ನಾಲ್ವರಿಗೂ ಲ್ಯಾಬಿನದೇ ಲ್ಯಾಪ್‌ಟಾಪ್ ಕೊಡಿಸಿದೆ. ವಿಪಿಎನ್ ಹಾಕಿದೆ, ಅಂದರೆ ಎಲ್ಲರೂ ಓಡಾಡುವ ಇಂಟರ್‌ನೆಟ್ಟಿನಲ್ಲೇ ಹೊರಗಿನವರು ಇಣುಕಲಾಗದ ಒಂದು ಮುಚ್ಚಿದ ದಾರಿ. ಪಾಸ್‌ವರ್ಡಿನ ಜೊತೆ ಪ್ರತಿ ಸಲ ಅವರವರ ಫೋನಿಗೆ ಬರುವ ಒಟಿಪಿ ಕಡ್ಡಾಯ. ಪೆನ್‌ಡ್ರೈವ್ ಹಾಕಿದರೆ ತೆರೆಯದು, ಪ್ರಿಂಟ್ ಬಾರದು, ಮೇಲ್ ಹೋಗದು. ಯಾರು ಯಾವ ರಿಪೋರ್ಟನ್ನು ಯಾವಾಗ ತೆರೆದರು ಎಂಬುದು ಲಾಗ್‌ನಲ್ಲಿ ತಾನಾಗಿಯೇ ದಾಖಲಾಗುತ್ತದೆ. ನನ್ನ ಕೆಲಸದ ಬಗ್ಗೆ ನನಗೆ ಹೆಮ್ಮೆಯಿತ್ತು, ಮುಚ್ಚಿಟ್ಟು ಏನಾಗಬೇಕಿದೆ?

ಕೆಲವು ತಿಂಗಳ ನಂತರ ಸುರಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಗದ್ದಲವಾಯಿತು. ಅಲ್ಲಿನ ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸಿಗೆ ಟಿಬಿ ಇದೆ ಎಂಬುದು, ಆಕೆಯ ಕೈಗೆ ರಿಪೋರ್ಟ್ ಸೇರುವ ಮೊದಲೇ ಊರಿಗೆಲ್ಲ ಗೊತ್ತಾಗಿತ್ತು. ತಂದೆತಾಯಂದಿರು ಶಾಲೆಗೆ ನುಗ್ಗಿ ಆಕೆಯನ್ನು ಅಡುಗೆಮನೆಯಿಂದ ಹೊರಗೆ ಹಾಕಿಸಿದರು. ಆಕೆಯ ತಮ್ಮ ಲ್ಯಾಬಿನ ಶಾಖೆಗೆ ಬಂದು ಕುರ್ಚಿ ಎತ್ತಿ ಒಗೆದ.

ಸಾವ್ಕಾರ್ರ ಫೋನು ನನಗೆ ಬಂತು. "ಏನ್ರೀ ಮೇಡಮ್ಮೋರ, ಎಂಥ ಕೀಲಿ ಹಾಕೀರಿ? ನಮ್ಮ ರಿಪೋರ್ಟ್ ಮಂದಿ ಬಾಯಾಗ ತಿರಗಾಡಾಕತ್ತದ!"

ಲಾಗ್ ತೆಗೆದು ನೋಡಿದೆ. ಆ ರಿಪೋರ್ಟನ್ನು ಸಹಿ ಮಾಡಿದ ಡಾಕ್ಟರ್ ಬಿಟ್ಟರೆ ತೆರೆದಿದ್ದವಳು ಒಬ್ಬಳೇ: ಅದನ್ನು ಟೈಪ್ ಮಾಡಿದ್ದ ಗೋಗಿಯ ಸುಜಾತಾ. ಪ್ರಿಂಟ್ ಆಗಿರಲಿಲ್ಲ, ಎಲ್ಲಿಗೂ ಹೋಗಿರಲಿಲ್ಲ. ಇದನ್ನೇ ಸಾವ್ಕಾರ್ರಿಗೆ ಹೇಳಿದೆ.

"ಮತ್ತ ಆತಲ್ಲ! ಆಕೀನ ಫೋನಿಲೆ ಫೋಟೋ ಹೊಡದಾಳ. ಅಂಥವರ ಕೈಗೆ ಕಂಪ್ಯೂಟರ್ ಕೊಟ್ಟದ್ದ ತಪ್ಪಾತು," ಎಂದರು.

'ಅಂಥವರು' ಎಂದರೆ ಯಾರೆಂದು ನಮ್ಮ ಭಾಗದಲ್ಲಿ ಯಾರೂ ಬಿಡಿಸಿ ಹೇಳಬೇಕಿಲ್ಲ. ಸುಜಾತಾಳ ಮನೆಯವರು ಬೌದ್ಧರು, ಅಪ್ಪ ಅವ್ವ ಕೂಲಿಗೆ ಹೋಗುವವರು. ಅಂದೇ ಅವಳ ಲ್ಯಾಪ್‌ಟಾಪ್ ಕಸಿದುಕೊಂಡು ಬರಲು ಆಳು ಕಳಿಸಿದರು. ಪೊಲೀಸ್ ದೂರು ಬರೆಸಿಟ್ಟಿದ್ದರು. ಅದರ ಜೊತೆಗೆ ಲಗತ್ತಿಸಲು ನನ್ನ ಲಾಗ್ ಬೇಕು, ಕೆಳಗೆ ನನ್ನ ಸಹಿ ಬೇಕು. ನಾನು ಸಹಿ ಹಾಕಿದರೆ ಆ ಹುಡುಗಿ ಠಾಣೆಯ ಮೆಟ್ಟಿಲು ಹತ್ತುವುದು ಖಾತ್ರಿ. ಆಮೇಲೆ ಅವಳಿಗೆ ಈ ಜಿಲ್ಲೆಯಲ್ಲಿ ಯಾರು ಕೆಲಸ ಕೊಟ್ಟಾರು? ನೋಡಿ ಹೇಳ್ತೀನಿ ಎಂದು ಫೋನಿಟ್ಟೆ. ಮರುದಿನ ಬೆಳಿಗ್ಗೆ ಗೋಗಿಗೆ ಹೋದೆ.

ಸುಜಾತಾ ನನ್ನನ್ನು ಒಳಗೆ ಕರೆಯಲಿಲ್ಲ. ಬಾಗಿಲಲ್ಲೇ ನಿಂತು, "ಲ್ಯಾಪ್‌ಟಾಪ್ ಒಯ್ದಾರ. ಇನ್ನೇನ್ ಒಯ್ಯಾಕ ಬಂದೀರಿ?" ಎಂದಳು.

"ಕೇಳಾಕ ಬಂದೀನಿ."

"ಕೇಳೂದೇನ್ರಿ, ನಿಮ್ಮ ಮಷೀನ್ ಹೇಳಿ ಆಗ್ಯದಲ್ಲ. ನೀವೂ ಅವ್ರ ಕಡೀದವ್ರ."

ಆ ಮಾತು ನನಗೆ ಚುಚ್ಚಿತು, ಸಿಟ್ಟೂ ಬಂತು. ಅವಳ ಅವ್ವ ನಡುವೆ ಬಂದು ಒಳಗೆ ಕೂಡಿಸಿದಳು, ನೀರು ಕೊಟ್ಟಳು. ಸುಜಾತಾ ಕೆಲಸ ಮಾಡುತ್ತಿದ್ದ ಟೇಬಲ್ ನೋಡಿದೆ. ಗೋಡೆಗೆ ಬೆನ್ನು ಮಾಡಿ ಕುರ್ಚಿ. ಕುರ್ಚಿಯ ಹಿಂದೆ, ತಲೆಯ ಎತ್ತರಕ್ಕೆ, ಗೋಡೆಯಲ್ಲೊಂದು ಮಾಡ, ದೀಪ ಇಡುವಂಥ ಗೂಡು. ಮಾಡದೊಳಗೆ ಒಂದು ಸೆಲ್ಫಿ ಸ್ಟ್ಯಾಂಡ್ ನಿಂತಿತ್ತು. ಅಲ್ಲಿರಬೇಕಾಗಿದ್ದ ಬುದ್ಧನ ಫೋಟೋ ಪಕ್ಕದ ಟ್ರಂಕಿನ ಮೇಲೆ ಗೋಡೆಗೆ ಒರಗಿತ್ತು. ಇದೇನು ಎಂದೆ.

"ಹಾಜರಿಗ್ರಿ," ಎಂದಳು, ಇದೂ ಗೊತ್ತಿಲ್ಲವೇ ಎನ್ನುವಂತೆ.

ಬೆಳಿಗ್ಗೆ ಒಮ್ಮೆ ಮುಖ ತೋರಿಸಿ ಹಾಜರಿ ಹಾಕಿಸುವ ರೂಢಿ ಎಷ್ಟೋ ಕಡೆ ಇದೆ. ಅದೇ ಇರಬೇಕೆಂದು ಮುಂದಕ್ಕೆ ಕೇಳಿದೆ: ರಿಪೋರ್ಟಿನ ಫೋಟೋ ತೆಗೆದಿದ್ದೀಯಾ? ಯಾರಿಗಾದರೂ ಹೇಳಿದ್ದೀಯಾ? ಅವಳು ತನ್ನ ಫೋನನ್ನು ನನ್ನ ಮಡಿಲಿಗೆ ಎಸೆದು, "ನೋಡ್ಕೋರಿ," ಎಂದಳು. ನೋಡಿದೆ. ತಮ್ಮನ ಮದುವೆಯ ಫೋಟೋಗಳಿದ್ದವು, ಬೇರೇನೂ ಇರಲಿಲ್ಲ. ಅಳಿಸಿದ ಗುರುತೂ ಕಾಣಲಿಲ್ಲ. ಆದರೂ ಇಲ್ಲದ್ದನ್ನು ಇಲ್ಲವೆಂದು ತೋರಿಸಿ ಸಾವ್ಕಾರ್ರ ಬಾಯಿ ಮುಚ್ಚಿಸುವುದು ಹೇಗೆ ಎಂದು ಯೋಚಿಸುತ್ತಲೇ ಅಲ್ಲಿಂದ ಶಹಾಪುರಕ್ಕೆ ಹೊರಟೆ.

ಸಾವ್ಕಾರ್ರ ಅಡತಿ ಅಂಗಡಿಗೆ ನಾನು ಹೋಗಿದ್ದು ಅದೇ ಮೊದಲು. ಅದುವರೆಗೆ ವ್ಯವಹಾರವೆಲ್ಲ ಯಾದಗಿರಿಯ ಲ್ಯಾಬಿನಲ್ಲೇ ನಡೆದಿತ್ತು. ಅಡತಿ ಅಂಗಡಿಗಳನ್ನು ನೋಡಿದವರಿಗೆ ಗೊತ್ತು, ಅಲ್ಲಿ ಬಾಗಿಲು ಎಂಬುದೇ ಇರುವುದಿಲ್ಲ. ಮುಂದೆ ಚೀಲಗಳ ರಾಶಿ, ಒಳಗೆ ಬಿಳಿ ಹಾಸಿನ ಗಾದಿ, ಗಾದಿಯ ಮೇಲೆ ಲೋಡಿಗೆ ಒರಗಿ ಸಾವ್ಕಾರ. ಗುಮಾಸ್ತರೆಲ್ಲ ಅವರ ಕಣ್ಣೆದುರಿಗೇ ಕೂರಬೇಕು, ತಲೆಮಾರುಗಳಿಂದ ಬಂದ ಪದ್ಧತಿ. ರೈತರು, ದಲಾಲರು, ಚೀಲ ಹೊರುವ ಹಮಾಲರು ಬರುತ್ತಾರೆ, ಗಾದಿಯ ಅಂಚಿಗೆ ಕೂತು ಚಹಾ ಕುಡಿಯುತ್ತಾರೆ, ಹೋಗುತ್ತಾರೆ. ಯಾರೂ ಯಾರನ್ನೂ ತಡೆಯುವುದಿಲ್ಲ.

"ಸಹಿ ಹಾಕ್ರಿ. ಮಂದಿ ಮುಂದ ಮಾತು ಬ್ಯಾಡ," ಎಂದು ಸಾವ್ಕಾರ್ರು ದೂರಿನ ಕಾಗದ ಮುಂದಕ್ಕೆ ತಳ್ಳಿದರು. ಹಾಗೆಂದವರೇ ಮಂದಿಯ ಮುಂದೆ, ಗಂಟಲು ಎತ್ತರಿಸಿ, "ಆ ಗೋಗಿ ಕಳ್ಳೀನ ಒಳಗ ಹಾಕಿಸಿದ್ರನ ಉಳಿದವ್ರಿಗೆ ಬುದ್ಧಿ ಬರ್ತದ," ಎಂದರು.

"ಆಕಿ ಕಳ್ಳಿ ಅನ್ನೂದಕ್ಕ ಪುರಾವೆ ಇಲ್ಲ," ಎಂದೆ.

"ನಿಮಗ ಎದಕ್ಕ ರೊಕ್ಕ ಕೊಟ್ಟೀವ್ರಿ, ಆಕೀ ವಕಾಲತ್ತು ಮಾಡಾಕ?"

ನಾನು ಉತ್ತರಿಸುವ ಮೊದಲು ನನ್ನ ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಕಕ್ಕೇರಾದ ದಲಾಲನೊಬ್ಬ ಗೋಡೆಯ ಕಡೆ ಕೈ ತೋರಿಸಿ ನಕ್ಕ. "ಏ, ಇದು ನಮ್ಮೂರ ಮಾಸ್ತರ ಹೆಸರಲ್ಲೇನು? ಅವಗ ಶುಗರ್ ಬಂದದ ನೋಡ್ರಿ. ಕೆಂಪಗ ಬರದಾರ."

ತಿರುಗಿ ನೋಡಿದೆ. ಗಾದಿಯ ಎದುರಿನ ಗೋಡೆಗೆ ಒಂದು ದೊಡ್ಡ ಟಿವಿ. ದಿನದ ದರ ತೋರಿಸಲು ಹಾಕಿದ್ದೆಂದು ನಾನು ಅದರ ಕಡೆ ಗಮನವನ್ನೇ ಕೊಟ್ಟಿರಲಿಲ್ಲ. ಒಂದು ವಿಡಿಯೊ ಕಾಲ್ ಅದನ್ನು ನಾಲ್ಕು ಭಾಗ ಮಾಡಿತ್ತು. ಪ್ರತಿ ಭಾಗದಲ್ಲೂ ಒಂದು ಹೆಣ್ಣಿನ ಹೆಗಲು, ಹೆಗಲಿನಾಚೆ ಲ್ಯಾಪ್‌ಟಾಪಿನ ಪರದೆ, ಪರದೆಯ ಮೇಲೆ ರೋಗಿಯ ಹೆಸರು, ಊರು, ಫಲಿತಾಂಶ. ಏರುಪೇರಾದ ಫಲಿತಾಂಶವನ್ನು ನಮ್ಮ ಸಾಫ್ಟ್‌ವೇರ್ ದಪ್ಪ ಕೆಂಪು ಅಕ್ಷರದಲ್ಲಿ ತೋರಿಸುತ್ತದೆ. ಅಂಗಡಿಯ ಕೊನೆಯ ಚೀಲದ ಮೇಲೆ ಕೂತವನಿಗೂ ಅದು ಕಾಣುತ್ತಿತ್ತು. ಒಂದು ಭಾಗ ಮಾತ್ರ ಕಪ್ಪಾಗಿತ್ತು, ಸುಜಾತಾಳದು.

ನಾನು ಟಿವಿಯತ್ತ ಕೈ ಮಾಡಿದೆ. "ಇದನ್ನ ಯಾರು ಹಾಕ್ಸ್ಯಾರ?"

"ನಾನ ಹಾಕ್ಸೀನಿ," ಎಂದರು ಸಾವ್ಕಾರ್ರು, ಹೆಮ್ಮೆಯಿಂದಲೇ. "ಮನ್ಯಾಗ ಕುಂತು ಪಗಾರ ತಿಂತಾರ, ನಿಗಾ ಬ್ಯಾಡೇನ್ರಿ? ಮೊದಲ ಮಾರಿ ತೋರಸ್ರಿ ಅಂದಿದ್ದೆ. ಮಾರಿ ಇಲ್ಲಿ ಇಟ್ಟು ಸಿನಿಮಾ ನೋಡಿದ್ರ ಏನ್ ಗೊತ್ತಾಗ್ತದ? ಅದಕ್ಕ ಫೋನ್ ಬೆನ್ನ ಹಿಂದ ಇಡ್ರಿ, ಕೆಲಸಾ ಕಾಣಲಿ ಅಂದೆ. ದಿನಾಪೂರ್ತಿ ಹಾಜರಿ."

ನಾನು ಹಾಕಿದ ಕೀಲಿಗಳೆಲ್ಲ ಗಟ್ಟಿಯಾಗೇ ಇದ್ದವು. ಈತ ಆ ಹುಡುಗಿಯರ ಫೋನಿನಿಂದಲೇ ಪಕ್ಕದ ಗೋಡೆ ಒಡೆಸಿದ್ದ. ಅದು ವಿಪಿಎನ್‌ಗೂ ಕಾಣದು, ಲಾಗಿಗೂ ಸಿಗದು. ಫೋನಿನ ಕ್ಯಾಮೆರಾದಿಂದಲೇ ಸೋರಿದೆ ಎಂದು ಈತ ಹೇಳಿದ್ದು ನಿಜವೇ ಆಗಿತ್ತು.

"ಆ ಅಡಗಿಯಾಕೀ ರಿಪೋರ್ಟ್ ಟೈಪ್ ಆದ ದಿನ ಆಕಿ ಊರವ್ರು ಇಲ್ಲಿ ಯಾರರ ಬಂದಿದ್ರ?" ಎಂದು ಕೂತವರನ್ನೇ ಕೇಳಿದೆ.

ಗುಮಾಸ್ತರು ತಲೆ ತಗ್ಗಿಸಿದರು. ದಲಾಲನಿಗೆ ಮಾತ್ರ ಇದರಲ್ಲಿ ಮುಚ್ಚಿಡುವಂಥದ್ದು ಏನೂ ಕಾಣಲಿಲ್ಲ. "ಬಂದಿದ್ರಲ್ರಿ, ತೊಗರಿ ತಂದಿದ್ರು. ನಾನೂ ಇದ್ದೆ. ಒಬ್ಬಾಂವ ಹೆಸರು ಓದಿ, ಇಕಿ ನಮ್ಮ ಸಾಲಿ ಅಡಗಿಯಾಕಿ, ಇಕಿ ಕೈ ಅನ್ನಾನ ನಮ್ಮ ಹುಡ್ರು ಉಣ್ತಾವ ಅಂತ ಒದರಾಡಿದ್ನಲ್ಲ. ಸಾವ್ಕಾರ್ರು ಆಗ ಊಟಕ್ಕ ಹೋಗಿದ್ರು."

ನಾನು ಎದ್ದು ಟಿವಿಯ ಪ್ಲಗ್ ಕಿತ್ತೆ. ದೂರಿನ ಕಾಗದವನ್ನು ಎರಡಾಗಿ ಹರಿದು ಗಾದಿಯ ಮೇಲಿಟ್ಟೆ. ಯಾರ ಕಾಗದವನ್ನೂ ಹರಿಯುವ ಹಕ್ಕು ನನಗಿಲ್ಲ, ಗೊತ್ತು.

ಸಾವ್ಕಾರ್ರ ಮುಖ ಕೆಂಪಾಯಿತು. ಹರಿದ ಚೂರುಗಳನ್ನು ಪಕ್ಕಕ್ಕೆ ಸರಿಸಿ, "ಆತು ಬಿಡ್ರಿ. ಆಕಿ ನಾಳಿಂದ ಕೆಲಸಾ ಮಾಡ್ಲಿ. ಮುಗೀತಲ್ಲ," ಎಂದರು.

"ಮುಗದಿಲ್ಲ. ಕಳ್ಳಿ ಅಂತ ಇದೇ ಗಾದಿ ಮ್ಯಾಲೆ ಕುಂತು ಅಂದೀರಿ. ಅಲ್ಲ ಅಂತನೂ ಇಲ್ಲೇ ಕುಂತು ಆಕಿಗಿ ಹೇಳ್ರಿ, ಇವರೆಲ್ಲರ ಮುಂದ. ಇಲ್ಲಂದ್ರ ರಿಪೋರ್ಟ್ ಎಲ್ಲಿಂದ ಸೋರ್ತು ಅಂತ ಆ ಹಳ್ಳಿಗೆ ನಾನ ಹೋಗಿ ಹೇಳ್ತೀನಿ."

ಸಾವ್ಕಾರ್ರಿಗೆ ಕುರ್ಚಿ ಒಗೆದ ಅಡುಗೆಯಾಕೆಯ ತಮ್ಮನ ನೆನಪಾಗಿರಬೇಕು, ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು. "ಸುಜಾತಾ, ನಿನ್ನ ತಪ್ಪಿಲ್ಲ ಬಿಡವಾ," ಎಂದರು, ನೊಣ ಓಡಿಸಿದ ಹಾಗೆ.

ಆ ಕಡೆಯಿಂದ ಅವಳ ಧ್ವನಿ ಅಂಗಡಿಗೆಲ್ಲ ಕೇಳಿಸಿತು. "ಕಳ್ಳಿ ಅಂದದ್ದು ಗೋಗಿತನಕಾ ಕೇಳಿಸ್ಯದ ಸಾವ್ಕಾರ್ರ. ಇದು ಸಣ್ಣಗ ಕೇಳಾಕತ್ತದ, ಜರಾ ಜೋರಂತ ಹೇಳ್ರಿ."

ಸಾವ್ಕಾರ್ರು ಜೋರಾಗಿ ಹೇಳಬೇಕಾಯಿತು.

ಸಾವ್ಕಾರ್ರು ಹೇಳಿದ್ದಾಯಿತೆಂದು ನಾನು ಹಳ್ಳಿಗೆ ಹೋಗುವುದನ್ನು ಬಿಡಲಿಲ್ಲ. ಯಾರ ಮಾಹಿತಿ ಸೋರಿದೆಯೋ ಅವರಿಗೆ ಅದನ್ನು ತಿಳಿಸುವುದು ನಮ್ಮ ವೃತ್ತಿಯ ಕರ್ತವ್ಯ. ಲ್ಯಾಬಿನ ಡಾಕ್ಟರನ್ನು ಕರೆದುಕೊಂಡು ಆ ಹಳ್ಳಿಗೆ ಹೋದೆ. ಔಷಧಿ ಸರಿಯಾಗಿ ತೆಗೆದುಕೊಂಡರೆ ರೋಗ ವಾಸಿಯಾಗುತ್ತದೆ, ಗುಣವಾದ ಮೇಲೆ ಅಡುಗೆ ಮಾಡಬಹುದು ಎಂದು ಡಾಕ್ಟರು ಶಾಲೆಯಲ್ಲಿ ವಿವರಿಸಿದರು. ಎಲ್ಲಿ ಸೋರಿತು, ಯಾರಿಂದ ಸೋರಿತು ಎಂದು ನಾನು ಆ ಹೆಂಗಸಿಗೆ ಹೇಳಿದೆ. ಇನ್ನು ಮುಂದೆ ಹೀಗಾಗುವುದಿಲ್ಲ, ಎಲ್ಲ ಬಂದ್ ಮಾಡಿಸಿದ್ದೇನೆ ಎಂದೂ ಹೇಳಿದೆ.

"ನೀ ಟಿವಿ ಬಂದ್ ಮಾಡ್ಸಿದಿ," ಎಂದಳು. "ಓದಿದವ್ರು ಓದಿದ್ದು ಮರೀತಾರೇನವ್ವಾ?"

ಪಾಸ್‌ವರ್ಡ್ ಕಳೆದುಹೋದರೆ ಬದಲಿಸಿಕೊಡಬಲ್ಲೆ, ಲ್ಯಾಪ್‌ಟಾಪ್ ಕಳುವಾದರೆ ಕೂತಲ್ಲಿಂದಲೇ ಅದರೊಳಗಿನದನ್ನು ಅಳಿಸಿಹಾಕಬಲ್ಲೆ. ಒಬ್ಬರ ಕಾಯಿಲೆ ನಾಲ್ಕು ಜನರ ಬಾಯಿಗೆ ಬಿದ್ದ ಮೇಲೆ ಮಾಡಲು ನನ್ನ ಕೈಯಲ್ಲಿ ಏನೂ ಇಲ್ಲ. ಆಕೆ ಗುಣವಾಗಿ ಕೆಲಸಕ್ಕೆ ಮರಳಿದ ಮೇಲೂ ಕೆಲವು ಮಕ್ಕಳು ಮನೆಯಿಂದ ಬುತ್ತಿ ತರುತ್ತಿದ್ದರೆಂದು ಕೇಳಿದ್ದೇನೆ.

ಅಂದಿನಿಂದ ಯಾವ ಸಂಸ್ಥೆ ಕರೆದರೂ ನಾನು ಮೊದಲು ಸರ್ವರ್ ಕೇಳುವುದಿಲ್ಲ. ಮಾಲೀಕರು ಎಲ್ಲಿ ಕೂರುತ್ತಾರೆ, ಅವರ ಎದುರಿಗೆ ಯಾರು ಬಂದು ಕೂರುತ್ತಾರೆ, ನೌಕರರ ಮೇಲೆ ಹೇಗೆ ಕಣ್ಣಿಡುತ್ತಾರೆ ಎಂದು ಕೇಳುತ್ತೇನೆ. ನಂಬಿಕೆಯಿಲ್ಲದ ಮಾಲೀಕ ಹ್ಯಾಕರನಿಗಿಂತ ಅಪಾಯಕಾರಿ ಎಂಬುದು ಆ ಗಾದಿ ನನಗೆ ಕಲಿಸಿದ ಪಾಠ. ಕೆಲವರಿಗೆ ಸಿಟ್ಟು ಬರುತ್ತದೆ, ಬರಲಿ.

ಸುಜಾತಾಳ ಲ್ಯಾಪ್‌ಟಾಪನ್ನು ಮರಳಿ ಕೊಡಲು ನಾನೇ ಗೋಗಿಗೆ ಹೋಗಿದ್ದೆ. ಈ ಸಲ ಅವಳು ಒಳಗೆ ಕರೆದಳು. ಸ್ಟ್ಯಾಂಡ್ ಮೂಲೆಯಲ್ಲಿ ಬಿದ್ದಿತ್ತು. ಧೂಳು ಒರೆಸಿದ ಬುದ್ಧನ ಫೋಟೋ ಮಾಡಕ್ಕೆ ಮರಳಿತ್ತು.

"ಸಾವ್ಕಾರ್ರು ಹೊಳ್ಳಿ ಹಾಜರಿ ಕೇಳಿದ್ರ ಏನ್ ಮಾಡ್ತಿ?" ಎಂದೆ.

ಅವಳು ಲ್ಯಾಪ್‌ಟಾಪ್ ತೆರೆದು ಒಟಿಪಿಗೆ ಕಾಯುತ್ತಿದ್ದಳು. ತಲೆ ಎತ್ತಲಿಲ್ಲ.

"ಕೇಳ್ಲಿ ಬಿಡ್ರಿ. ಮಾಡದಾಗ ಈಗ ಜಾಗಾ ಇಲ್ಲ."